ಮಾತೃಕೆ: ಹಣ್ಣಿನ ಹೆಸರು ಬಿಟ್ಟರೂ ಲೆಕ್ಕ ಕೆಡದ ಪಟ್ಟಿ

ಒಂಬತ್ತು ಮಾದಳ ಹಣ್ಣಿಗೂ ಏಳು ಬೇಲದ ಹಣ್ಣಿಗೂ ಸೇರಿ ಬೆಲೆ 107. ಏಳು ಮಾದಳಕ್ಕೂ ಒಂಬತ್ತು ಬೇಲಕ್ಕೂ ಸೇರಿ 101. ಹಾಗಾದರೆ ಒಂದು ಮಾದಳಕ್ಕೆಷ್ಟು, ಒಂದು ಬೇಲಕ್ಕೆಷ್ಟು?

ಸಾವಿರದ ನೂರು ವರ್ಷಕ್ಕೂ ಹಳೆಯ ಲೆಕ್ಕ ಇದು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಬರುತ್ತದೆ. ಹತ್ತನೇ ತರಗತಿಯಲ್ಲಿ ಇಂಥದ್ದಕ್ಕೆ ಎರಡು ಚರಾಕ್ಷರಗಳ ಸಮೀಕರಣಗಳ ಜೋಡಿ ಅನ್ನುತ್ತೇವೆ, ದ್ವಿತೀಯ ಪಿಯುಸಿಗೆ ಹೋದ ಮೇಲೆ ಅದನ್ನೇ ಮಾತೃಕೆಯಿಂದ ಬಿಡಿಸಿ ಅನ್ನುತ್ತಾರೆ. ಹೆಸರು ದೊಡ್ಡದಾದ ಮಾತ್ರಕ್ಕೆ ಮಕ್ಕಳು ಹೆದರುತ್ತಾರೆ. ನಿಜಕ್ಕೂ ಎಡವುವುದು ಮಾತೃಕೆಯಲ್ಲಲ್ಲ, ಅದಕ್ಕೂ ಮೊದಲು, ಹೇಳಿಕೆಯನ್ನು ಸಮೀಕರಣ ಮಾಡುವಾಗ. 'ಮ ಎಂದರೆ ಮಾದಳ' ಎಂದು ಬರೆದುಕೊಂಡರೆ ಅಲ್ಲೇ ಕೆಟ್ಟಿತು. ಮ ಹಣ್ಣಲ್ಲ, ಒಂದು ಹಣ್ಣಿನ ಬೆಲೆ. ಹಣ್ಣಿಗೂ ಹಣ್ಣಿಗೂ ಕೂಡಿದರೆ ರಸಾಯನ ಆದೀತೇ ಹೊರತು 107 ಬರುವುದಿಲ್ಲ. ಬೆಲೆಗೆ ಬೆಲೆ ಕೂಡಿದರೆ ಬರುತ್ತದೆ.

9ಮ + 7ಬ = 107
7ಮ + 9ಬ = 101

ಎರಡೂ ಸಾಲಿನಲ್ಲಿ ಮಾದಳದ ಬೆಲೆ ಎಡಕ್ಕಿದೆ, ಬೇಲದ್ದು ಬಲಕ್ಕಿದೆ. ಯಾವುದಕ್ಕೆ ಯಾವ ಮನೆ ಎಂದು ಒಮ್ಮೆ ಗೊತ್ತುಮಾಡಿಕೊಂಡರೆ ಅಕ್ಷರಗಳನ್ನು ಮತ್ತೆ ಮತ್ತೆ ಬರೆಯುವ ಗೊಡವೆ ಇಲ್ಲ. ಅವು ಉದುರಿದ ಮೇಲೆ ಎಡಭಾಗದಲ್ಲಿ ಉಳಿಯುವುದು ಇಷ್ಟು:

9 7
7 9

ಇದೇ ಮಾತೃಕೆ. ಅಡ್ಡಸಾಲು ಒಂದೊಂದು ಖರೀದಿಯನ್ನು ಹೇಳುತ್ತದೆ, ಕಂಬಸಾಲು ಒಂದೊಂದು ಹಣ್ಣನ್ನು. ಮೂಲೆಯ 9ಕ್ಕೆ ಅರ್ಥ ಬರುವುದು ಅದು ಕೂತ ಜಾಗದಿಂದ.

ಹೆಸರಿನ ಕಥೆ ಸ್ವಾರಸ್ಯವಾಗಿದೆ. 1850ರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಇಂಥ ಸಂಖ್ಯೆಗಳ ಚೌಕಟ್ಟನ್ನು 'ಮ್ಯಾಟ್ರಿಕ್ಸ್' ಎಂದು ಕರೆದ. ಲ್ಯಾಟಿನ್‌ನಲ್ಲಿ ಅದಕ್ಕೆ ಗರ್ಭ ಎಂಬ ಅರ್ಥವಿದೆ, ತಾಯಿ ಎಂಬ ಪದದಿಂದಲೇ ಬಂದದ್ದು. ನಿರ್ಧಾರಕಗಳು (ಚೌಕಟ್ಟಿನ ಸಂಖ್ಯೆಗಳನ್ನು ಗುಣಿಸಿ, ಕೂಡಿ ಕಳೆದು ಪಡೆಯುವ ಒಂದೇ ಸಂಖ್ಯೆ) ಹುಟ್ಟುವುದು ಈ ಚೌಕಟ್ಟಿನೊಳಗಿಂದ ಎಂಬುದು ಅವನ ಭಾವ. ಹಾಗಾಗಿ ಕನ್ನಡದ 'ಮಾತೃಕೆ' ಬಲು ಹೊಂದುವ ಪದ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರು ಮೂಲ ಹಸ್ತಪ್ರತಿಗೂ ಮಾತೃಕೆ ಎನ್ನುತ್ತಾರೆ, ದೇವಸ್ಥಾನದಲ್ಲಿ ಸಪ್ತಮಾತೃಕೆಯರು ಸಾಲಾಗಿ ಕೂತಿರುತ್ತಾರೆ. ತಮಾಷೆಯೆಂದರೆ ಮಗು ತಾಯಿಗಿಂತ ಹಿರಿದು: ಸಿಲ್ವೆಸ್ಟರ್ ಹೆಸರಿಡುವ ಹೊತ್ತಿಗೆ ನಿರ್ಧಾರಕಗಳ ಬಳಕೆ ನೂರು ವರ್ಷ ದಾಟಿತ್ತು. ಮಾತೃಕೆಗಳನ್ನೇ ಕೂಡುವ, ಗುಣಿಸುವ ನಿಯಮಗಳನ್ನು ಅವನ ಗೆಳೆಯ ಆರ್ಥರ್ ಕೇಲಿ 1858ರಲ್ಲಿ ಒಪ್ಪವಾಗಿ ಬರೆದ.

ಆ ಗುಣಾಕಾರದ ನಿಯಮ ಮೊದಲ ಸಲ ವಿಚಿತ್ರ ಅನ್ನಿಸುತ್ತದೆ. ಅಡ್ಡಸಾಲನ್ನು ಕಂಬಸಾಲಿನ ಮೇಲೆ ಇಳಿಸಿ, ಮನೆಗೆ ಮನೆ ಗುಣಿಸಿ, ಬಂದದ್ದನ್ನೆಲ್ಲ ಕೂಡು. ಯಾಕೆ ಹೀಗೆ? ದಿನಸಿ ಅಂಗಡಿಯವರು ದಿನವೂ ಮಾಡುವುದು ಇದನ್ನೇ. ನಿಮ್ಮ ಚೀಟಿ ಒಂದು ಅಡ್ಡಸಾಲು: ಇಷ್ಟು ಅಕ್ಕಿ, ಇಷ್ಟು ಬೇಳೆ, ಇಷ್ಟು ಬೆಲ್ಲ. ಅವರ ದರಪಟ್ಟಿ ಒಂದು ಕಂಬಸಾಲು. ಒಂದೊಂದಕ್ಕೆ ದರ ಗುಣಿಸಿ ಕೂಡಿದರೆ ಬಿಲ್ಲು. ನಮ್ಮ ಲೆಕ್ಕದಲ್ಲಿ ಚೀಟಿಯಿದೆ, ಬಿಲ್ಲಿದೆ, ದರಪಟ್ಟಿ ಮಾತ್ರ ಕಳೆದಿದೆ.

ಅದನ್ನು ವಾಪಸು ತರುವುದು, ಆ ಗುಣಾಕಾರವನ್ನು ಹಿಂದಕ್ಕೆ ತಿರುಗಿಸುವ ವಿಲೋಮ ಮಾತೃಕೆಯ ಕೆಲಸ. ಎರಡು ಸಾಲಿನದ್ದಕ್ಕೆ ಸುಲಭ ದಾರಿ ಇದೆ: ಎಡಮೇಲಿನದ್ದನ್ನೂ ಬಲಕೆಳಗಿನದ್ದನ್ನೂ ಅದಲುಬದಲು ಮಾಡು, ಉಳಿದೆರಡಕ್ಕೆ ಋಣ ಚಿಹ್ನೆ ಹಾಕು, ಎಲ್ಲವನ್ನೂ ನಿರ್ಧಾರಕದಿಂದ ಭಾಗಿಸು. ಇಲ್ಲಿ ನಿರ್ಧಾರಕ ಎಂದರೆ ಕರ್ಣಗಳ ಗುಣಲಬ್ಧಗಳ ವ್ಯತ್ಯಾಸ, 9×9 − 7×7, ಅಂದರೆ 32. ಹೀಗೆ ಬಂದ ವಿಲೋಮದಿಂದ ಬಿಲ್ಲಿನ ಕಂಬಸಾಲನ್ನು (107, 101) ಗುಣಿಸಿದರೆ ದರಗಳು ಬರುತ್ತವೆ. ಮಾದಳದ ಬೆಲೆ (9×107 − 7×101) ÷ 32 = 256 ÷ 32 = 8. ಬೇಲದ್ದು (9×101 − 7×107) ÷ 32 = 160 ÷ 32 = 5. ತಾಳೆ ನೋಡಿ: 72 + 35 = 107, 56 + 45 = 101.

ಈಗ ಮಹಾವೀರಾಚಾರ್ಯನ ಸೂತ್ರ ನೋಡೋಣ. ದೊಡ್ಡ ಮೊತ್ತವನ್ನು ಹೆಚ್ಚಿನ ಹಣ್ಣಿನ ಸಂಖ್ಯೆಯಿಂದ ಗುಣಿಸಿ, ಅದರಲ್ಲಿ ಚಿಕ್ಕ ಮೊತ್ತ ಮತ್ತು ಕಡಿಮೆ ಹಣ್ಣಿನ ಸಂಖ್ಯೆಯ ಗುಣಲಬ್ಧವನ್ನು ಕಳೆದು, ಹಣ್ಣಿನ ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸಿದರೆ ಹೆಚ್ಚು ಬೆಲೆಯ ಹಣ್ಣಿನ ದರ ಸಿಗುತ್ತದೆ. ವರ್ಗಗಳ ವ್ಯತ್ಯಾಸ, 81 − 49, ಅದೇ 32! ಅವನಿಗೆ ಮಾತೃಕೆ ಗೊತ್ತಿತ್ತು ಎಂದು ನಾನು ಹೇಳಹೊರಟಿಲ್ಲ. ಅಂಥ ಜಂಬ ಬೇಡ. ಸಂಖ್ಯೆಗಳು ಅದಲುಬದಲಾಗಿ ಬರುವ ಈ ಬಗೆಯ ಲೆಕ್ಕಕ್ಕಷ್ಟೇ ಅವನ ಸೂತ್ರ ಹೊಂದುತ್ತದೆ. ಆದರೆ ಭಾಗಿಸುವ ಸಂಖ್ಯೆ ಎರಡೂ ಕಡೆ ಒಂದೇ.

ಜಾಗದಿಂದಲೇ ಅರ್ಥ ಕೊಡುವ ಪದ್ಧತಿಯನ್ನು ಅವನಿಗಿಂತಲೂ ಹಿಂದೆ ಕಂಡುಕೊಂಡವರು ಚೀನೀಯರು. ಅವರ 'ಒಂಬತ್ತು ಅಧ್ಯಾಯಗಳು' ಎಂಬ ಗಣಿತ ಗ್ರಂಥದ ಎಂಟನೆಯ ಅಧ್ಯಾಯದಲ್ಲಿ ಮೇಲ್ದರ್ಜೆ, ನಡುದರ್ಜೆ, ಕೆಳದರ್ಜೆಯ ಪೈರಿನ ಕಂತೆಗಳಿಂದ ಎಷ್ಟೆಷ್ಟು ಧಾನ್ಯ ಸಿಗುತ್ತದೆ ಎಂಬ ಲೆಕ್ಕವಿದೆ. ಅವರು ಅಕ್ಷರವನ್ನೇ ಬಳಸಲಿಲ್ಲ. ಎಣಿಕೆ ಕಡ್ಡಿಗಳನ್ನು ಹಲಗೆಯ ಮೇಲೆ ಕಂಬಸಾಲಾಗಿ ಜೋಡಿಸಿ, ಒಂದರಿಂದ ಇನ್ನೊಂದನ್ನು ಕಳೆಯುತ್ತ ಹೋಗಿ, ಕೊನೆಗೆ ಒಂದೇ ಅಜ್ಞಾತ ಉಳಿಯುವಂತೆ ಮಾಡುತ್ತಿದ್ದರು. ಕ್ರಿ.ಶ. 263ರಲ್ಲಿ ಇದಕ್ಕೆ ವ್ಯಾಖ್ಯಾನ ಬರೆದ ಲಿಯು ಹುಯಿ, ಧನಕ್ಕೆ ಕೆಂಪು ಕಡ್ಡಿ, ಋಣಕ್ಕೆ ಕಪ್ಪು ಕಡ್ಡಿ ಎನ್ನುತ್ತಾನೆ. ಸಾವಿರಾರು ಅಜ್ಞಾತಗಳಿರುವಾಗ ಕಂಪ್ಯೂಟರು ಸಾಮಾನ್ಯವಾಗಿ ಹಿಡಿಯುವುದೂ ಕಳೆಯುತ್ತ ಹೋಗುವ ಈ ದಾರಿಯನ್ನೇ, ವಿಲೋಮ ಹುಡುಕುವ ಕಷ್ಟಕ್ಕೆ ಹೋಗುವುದಿಲ್ಲ.

ಪಿಯುಸಿ ಮಕ್ಕಳು ಪಠ್ಯಪುಸ್ತಕದ ಈರುಳ್ಳಿ, ಗೋಧಿ, ಅಕ್ಕಿಯ ಲೆಕ್ಕವನ್ನು ಮರೆತಿರಲಾರರು. 4, 3, 2 ಕೆ.ಜಿ.ಗೆ 60 ರೂಪಾಯಿ. 2, 4, 6ಕ್ಕೆ 90. 6, 2, 3ಕ್ಕೆ 70. ಉತ್ತರ 5, 8, 8. ಈರುಳ್ಳಿ ಕೆ.ಜಿ.ಗೆ ಐದು ರೂಪಾಯಿ ಎಂದು ಬಂದಾಗ ಲೆಕ್ಕ ತಪ್ಪಿತೇನೋ ಅನ್ನಿಸಿದರೆ ಅದು ಮಾರುಕಟ್ಟೆಯ ತಪ್ಪು.

ಕೊನೆಗೆ ನಿರ್ಧಾರಕ ಸೊನ್ನೆಯಾದರೆ? ದರ್ಶಿನಿಯಲ್ಲಿ ಒಂದು ಪ್ಲೇಟ್ ಇಡ್ಲಿ, ಎರಡು ಕಾಫಿಗೆ 80 ರೂಪಾಯಿ ಕೊಟ್ಟಿರಿ ಅನ್ನಿ. ಪಕ್ಕದವರು ಎರಡು ಪ್ಲೇಟ್ ಇಡ್ಲಿ, ನಾಲ್ಕು ಕಾಫಿಗೆ 160 ಕೊಟ್ಟರು. ಕಾಫಿ ಎಷ್ಟು ಎಂದು ಹೇಳಲಾಗದು. 1×4 − 2×2 = 0. ಎರಡನೆಯ ಬಿಲ್ಲು ಮೊದಲನೆಯದನ್ನೇ ಎರಡು ಸಲ ಹೇಳಿದೆ, ಹೊಸದೇನನ್ನೂ ಹೇಳಿಲ್ಲ. ಕಾಫಿ 15 ಆದರೂ ಸರಿ, 20 ಆದರೂ ಸರಿ. ಅದೇ ಪಕ್ಕದವರ ಬಿಲ್ಲು 150 ಆಗಿದ್ದರೆ ಯಾವ ದರ ಇಟ್ಟರೂ ಹೊಂದುವುದಿಲ್ಲ. ಆಗ ಮಾತೃಕೆಯನ್ನು ಬದಿಗಿಟ್ಟು ಕೌಂಟರಿನಲ್ಲಿ ಕೂತವರನ್ನೇ ಕೇಳಬೇಕು.