ಒಂದೇ ಮಾತು ಬರೆದರೆ ಉಳಿದ ಗಿರಾಕಿ ತಪ್ಪಿಹೋಗಲ್ವಾ?

ಓದುಗರ ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವಳು. ಮಾವಿನ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲು (ಕೋಕಂ) ಶರಬತ್ತು ಮಾಡಿ ಮಾರುತ್ತೇನೆ. ಕೊಯ್ಲಿನಿಂದ ಕೊರಿಯರ್‌ವರೆಗೆ ಎಲ್ಲ ನಾನೊಬ್ಬಳೇ. ಲೇಬಲ್ ಮೇಲೆ, ವಾಟ್ಸಾಪ್‌ನಲ್ಲಿ ಏನು ಬರೆಯಬೇಕು ಅಂತಲೇ ಗೊತ್ತಾಗುವುದಿಲ್ಲ. ನೀವು ‘ಒಂದೇ ವಿಷಯ ಹಿಡಿದು ಹೇಳಿ’ ಅಂತೀರಿ. ಹಾಗೆ ಮಾಡಿದರೆ ಬೇರೆ ಪದಾರ್ಥ ಬೇಕಾದ ಗಿರಾಕಿ ತಪ್ಪಿಹೋಗಲ್ವಾ?

ಉತ್ತರ: ಇಲ್ಲ. ತಪ್ಪಿಹೋಗುವುದಿಲ್ಲ.

ಒಂದೇ ವಿಷಯ ಬರೆಯಿರಿ ಅಂತ ನಾನು ನನ್ನ ಪ್ರಿಂಟಿಂಗ್ ಅಂಗಡಿಯಲ್ಲಿ ವಾರಕ್ಕೆ ಮೂರು ನಾಲ್ಕು ಸಲ ಹೇಳುತ್ತೇನೆ. ಫೋನಿನಲ್ಲಿ ಹೇಳುತ್ತೇನೆ. ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ನಿಂತುಕೊಂಡೂ ಹೇಳಿದ್ದೇನೆ. ಕೇಳಿದವರು ಹೌದು ಹೌದು ಅಂತ ತಲೆ ಆಡಿಸುತ್ತಾರೆ. ಮಾರನೇ ದಿನ ‘ಶುದ್ಧ, ರುಚಿಕರ, ಮನೆಯಲ್ಲೇ ತಯಾರಿಸಿದ, ಎಲ್ಲ ಶುಭ ಸಮಾರಂಭಗಳಿಗೂ ಆರ್ಡರ್ ಸ್ವೀಕರಿಸಲಾಗುವುದು’ ಅಂತ ಬರೆದ ಚೀಟಿ ಹಿಡಿದುಕೊಂಡು ಬರುತ್ತಾರೆ. ಬೇಜಾರಾಗುತ್ತದೆ. ಅವರು ಮಾಡುವ ಪದಾರ್ಥ ಅಷ್ಟು ಚೆನ್ನಾಗಿರುತ್ತದೆ, ಅದಕ್ಕೇ ಬೇಜಾರು. ಹಾಗಾಗಿ ಈ ಸಲ ಪೂರ್ತಿಯಾಗಿ ಬರೆಯುತ್ತೇನೆ.

ನನ್ನದು ಲೇಬಲ್, ಸ್ಟಿಕರ್, ಬೋರ್ಡು ಮಾಡಿಕೊಡುವ ಕೆಲಸ. ಒಂದು ಸಲ ಉಪ್ಪಿನಕಾಯಿ ಮಾಡುವ ಅಕ್ಕ ಒಬ್ಬರು ಬಂದಿದ್ದರು. ಲೇಬಲ್ ಖಾಲಿಯಾಗಿತ್ತು, ಹಳೆಯದನ್ನೇ ಮತ್ತೆ ಐನೂರು ಹೊಡೆಸಬೇಕಿತ್ತು. ನಾನು ಕಂಪ್ಯೂಟರಿನಲ್ಲಿದ್ದ ಆರು ಜನರ ಉಪ್ಪಿನಕಾಯಿ ಲೇಬಲ್ ತೆಗೆದೆ. ಹೆಸರು, ಫೋನ್ ನಂಬರ್ ಅಳಿಸಿ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಪ್ರಿಂಟ್ ಹಾಕಿ ಅವರ ಮುಂದೆ ಇಟ್ಟೆ. ‘ಇದರಲ್ಲಿ ನಿಮ್ಮದು ಯಾವುದು ಅಕ್ಕಾ?’ ಅಂದೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಆರರಲ್ಲೂ ಹಸಿರು ಎಲೆ, ಎರಡು ಮಿಡಿಯ ಚಿತ್ರ. ಆರರಲ್ಲೂ ‘ಶುದ್ಧ’. ಐದರಲ್ಲಿ ‘ಮಲೆನಾಡಿನ ಸಾಂಪ್ರದಾಯಿಕ ರುಚಿ’. ಸುಮಾರು ಹೊತ್ತು ನೋಡಿ ಮೂರನೆಯದರ ಮೇಲೆ ಬೆರಳಿಟ್ಟರು. ಅದು ಅವರದ್ದಲ್ಲ, ಸಿದ್ದಾಪುರದ ಕಡೆಯವರದ್ದು.

ನಾನು ಏನೂ ಹೇಳಲಿಲ್ಲ. ಅವರೇ ಸ್ವಲ್ಪ ಹೊತ್ತು ಸುಮ್ಮನಿದ್ದು ಬೇರೆ ಮಾತು ತೆಗೆದರು. ‘ಈ ವರ್ಷ ಮಿಡಿ ಕಡಿಮೆ ತಮ್ಮಾ. ಕೊಯ್ಯುವವರೂ ಸಿಗೋದಿಲ್ಲ. ಕೆಲವರು ಬಿದ್ದಿದ್ದನ್ನೂ ಹೆಕ್ಕಿ ಹಾಕ್ತಾರೆ. ನಾನು ಮಾತ್ರ ನೆಲಕ್ಕೆ ಬಿದ್ದ ಮಿಡಿ ಹಾಕೋದಿಲ್ಲ.’

ನಾನು ಪೆನ್ನು ತೆಗೆದು ಆ ಮಾತನ್ನು ಹಾಗೇ ಬರೆದುಕೊಂಡೆ.

ಮಿಡಿ ಹಾಕುವ ಮನೆಯವರಿಗೆ ಇದರ ಅರ್ಥ ವಿವರಿಸಬೇಕಿಲ್ಲ. ಬಿದ್ದ ಮಿಡಿಗೆ ಪೆಟ್ಟಾಗುತ್ತದೆ. ತೊಟ್ಟು ಕಳಚಿದರೆ ಸೊನೆ ಸೋರಿಹೋಗುತ್ತದೆ. ಅಪ್ಪೆಮಿಡಿಯ ಪರಿಮಳ ಇರುವುದೇ ಆ ಸೊನೆಯಲ್ಲಿ ಅಲ್ವಾ? ಪೆಟ್ಟಾದ ಮಿಡಿ ಉಪ್ಪಿನಲ್ಲಿ ಮೆತ್ತಗಾಗುತ್ತದೆ. ಭರಣಿಯಲ್ಲಿ ನಾಲ್ಕು ಮೆತ್ತಗಾದರೆ ಉಳಿದವನ್ನೂ ಕೆಡಿಸುತ್ತವೆ. ಅದಕ್ಕೇ ಹೊಳೆ ಬದಿಯ ಆ ಎತ್ತರದ ಮರ ಹತ್ತಿ, ತೊಟ್ಟು ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಕೆಳಗೆ ಇಳಿಸುವುದು. ಇಷ್ಟು ಕಷ್ಟಪಟ್ಟು ಮಾಡಿದ ಕೆಲಸದ ಬಗ್ಗೆ ಅವರ ಲೇಬಲ್ ಮೇಲೆ ಒಂದು ಅಕ್ಷರವೂ ಇರಲಿಲ್ಲ. ‘ಶುದ್ಧ’ ಅಂತ ಇತ್ತು.

ಹೊಸ ಲೇಬಲ್‌ನಲ್ಲಿ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ ಒಂದೇ ಸಾಲು ಹಾಕಿದೆವು: ‘ನೆಲಕ್ಕೆ ಬಿದ್ದ ಮಿಡಿ ಹಾಕುವುದಿಲ್ಲ.’ ಪ್ರೂಫ್ ನೋಡಿ ಅವರ ಮುಖ ಅರಳಿತು. ಮರುಕ್ಷಣವೇ ನಿಮ್ಮ ಪ್ರಶ್ನೆಯನ್ನೇ ಕೇಳಿದರು. ‘ಹಪ್ಪಳದ್ದು ಎಲ್ಲಿ ಬರೆಯೋದು?’

ಈಗ ಆ ವಿಷಯಕ್ಕೆ ಬರುತ್ತೇನೆ. ‘ಎಲ್ಲ ಬರೆದರೆ ಎಲ್ಲರೂ ಬರುತ್ತಾರೆ, ಒಂದೇ ಬರೆದರೆ ಅದೊಂದೇ ಬೇಕಾದವರು ಬರುತ್ತಾರೆ.’ ಈ ನಂಬಿಕೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಕಣ್ಣೆದುರಿಗೆ ಬೇರೆಯದೇ ನಡೆಯುತ್ತಿದ್ದರೂ ಜನ ಬಿಡುವುದಿಲ್ಲ.

ಬೇಸಿಗೆಯಲ್ಲಿ ಕುಮಟಾ ದಾಟುವಾಗ ಹೆದ್ದಾರಿ ಪಕ್ಕ ನೋಡಿ. ಅಳ್ವೆಕೋಡಿ, ಹಂದಿಗೋಣದ ಕಡೆ ಸಿಹಿ ಈರುಳ್ಳಿಯನ್ನು ಜಡೆ ಹೆಣೆದಂತೆ ಕಟ್ಟಿ ಸಾಲಾಗಿ ತೂಗುಹಾಕಿರುತ್ತಾರೆ. ಬೋರ್ಡು ಬೇಕಾಗುವುದಿಲ್ಲ. ಕಾರು ಹೋಗುವ ವೇಗದಲ್ಲಿ ಒಳಗೆ ಕೂತವರಿಗೆ ಒಂದೇ ವಸ್ತು ಕಾಣುತ್ತದೆ, ‘ಏಯ್, ಕುಮಟಾ ಈರುಳ್ಳಿ, ನಿಲ್ಸು’ ಅನ್ನುತ್ತಾರೆ. ಅದೇ ಜಾಗದಲ್ಲಿ ‘ಎಲ್ಲ ತರಹದ ತರಕಾರಿಗಳು ಯೋಗ್ಯ ದರದಲ್ಲಿ ದೊರೆಯುತ್ತವೆ’ ಅಂತ ಬೋರ್ಡು ಹಾಕಿದ್ದರೆ ಯಾರಾದರೂ ಬ್ರೇಕ್ ಹಾಕುತ್ತಿದ್ದರಾ? ತರಕಾರಿ ಅವರ ಊರಲ್ಲೇ ಸಿಗುತ್ತದೆ.

ನಿಮ್ಮ ಲೇಬಲ್ ನೋಡುವವರೂ ಹಾಗೇ ವೇಗದಲ್ಲೇ ಇರುತ್ತಾರೆ. ಕಪಾಟಿನ ಮುಂದೆ ನಿಂತವರ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಮಗು. ವಾಟ್ಸಾಪ್ ಸ್ಟೇಟಸ್ ನೋಡುವವರು ಹೆಬ್ಬೆರಳಿನಲ್ಲಿ ಮುಂದೆ ಮುಂದೆ ಹೋಗುತ್ತಿರುತ್ತಾರೆ. ಎಂಟು ವಿಷಯ ಬರೆದರೆ ಎಂಟನ್ನೂ ಓದುತ್ತಾರೆ ಅಂತ ನೀವು ಲೆಕ್ಕ ಹಾಕುತ್ತೀರಿ. ಅವರು ಒಂದನ್ನೂ ಓದುವುದಿಲ್ಲ. ಎಂಟೂ ಸೇರಿ ಬರೀ ಒಂದು ಬಣ್ಣದ ಪಟ್ಟಿಯಾಗಿ ಕಾಣುತ್ತದೆ.

ಅಂಕೋಲೆಯವರ ಮಾವು ಇನ್ನೂ ಒಳ್ಳೆಯ ಉದಾಹರಣೆ. 2023ರಲ್ಲಿ ಭೌಗೋಳಿಕ ಸೂಚಕ, ಅಂದರೆ ಒಂದು ಊರಿನ ವಿಶೇಷ ಬೆಳೆಗೆ ಸಿಗುವ ಜಿಐ ಟ್ಯಾಗ್ ಬಂತಲ್ಲ, ಅದು ‘ಅಂಕೋಲಾ ಮಾವು’ ಅನ್ನುವ ಹೆಸರಿಗೆ ಬರಲಿಲ್ಲ. ಬರೀ ‘ಇಶಾಡು’ ಅನ್ನುವ ಅಲ್ಲಿನ ತಳಿಯ ಹೆಸರಿಗೂ ಅಲ್ಲ. ಇಶಾಡಿನಲ್ಲಿ ಕರಿ, ಬಿಳಿ ಅಂತ ಎರಡಿವೆ. ಸಿಪ್ಪೆ ತೆಳು, ತಿರುಳು ಜಾಸ್ತಿ ಇರುವ ಕರಿ ಇಶಾಡಿಗೆ ಮಾತ್ರ ಟ್ಯಾಗ್. ನಿಮ್ಮ ಲೆಕ್ಕದ ಪ್ರಕಾರ ಅದು ನಷ್ಟದ ಹೆಸರು. ಉಳಿದ ಮಾವೆಲ್ಲ ಬಿಟ್ಟುಹೋಯಿತಲ್ಲ! ಆದರೆ ಹೊರಗಿನ ಊರಿನವರು ಹೆಸರು ಹಿಡಿದು ಕೇಳುವುದು ಆ ಒಂದನ್ನೇ. ಅದನ್ನು ಕೇಳಿಕೊಂಡು ಬಂದವರು ಅಂಗಡಿಯಲ್ಲಿ ಇರುವ ಬೇರೆ ಹಣ್ಣನ್ನೂ ನೋಡುತ್ತಾರೆ.

ಇದರ ಹಿಂದಿನ ಕಾರಣ ಸರಳ. ಗುರುತಿಲ್ಲದವರು ನಿಮ್ಮಿಂದ ಮೊದಲ ಸಲ ಕೊಳ್ಳುವುದು ಒಂದೇ ವಸ್ತು. ಮೂರು ಪದಾರ್ಥ ಒಟ್ಟಿಗೆ ತೆಗೆದುಕೊಂಡು ಯಾರೂ ಪರೀಕ್ಷೆ ಮಾಡುವುದಿಲ್ಲ. ಒಂದು ಬಾಟಲಿ ಒಯ್ಯುತ್ತಾರೆ, ಊಟಕ್ಕೆ ಹಾಕಿಕೊಳ್ಳುತ್ತಾರೆ, ಮಿಡಿ ಕಟಕ್ ಅಂದರೆ ಎರಡನೇ ಸಲ ಫೋನ್ ಮಾಡುತ್ತಾರೆ. ಆಗ ಕೇಳುತ್ತಾರೆ, ‘ಹಪ್ಪಳವೂ ಮಾಡ್ತೀರಾ?’ ಹಪ್ಪಳದ ಗಿರಾಕಿ ಹುಟ್ಟುವುದು ಅಲ್ಲಿ. ನಾನು ಹೇಳಿದ ಅಕ್ಕನಿಗೂ ಹಾಗೇ ಆಯಿತು. ಅವರ ಹಪ್ಪಳದ ವ್ಯಾಪಾರ ನಿಲ್ಲಲಿಲ್ಲ. ಮಿಡಿ ಬಾಟಲಿಯ ಜೊತೆಗೇ ಪೊಟ್ಟಣ ಕಟ್ಟಿ ಕಳಿಸುತ್ತಾರೆ.

ಇನ್ನೊಂದು ಕಾರಣ ಬಾಯಿಮಾತು. ನಮ್ಮಲ್ಲಿ ಮನೆ ಪದಾರ್ಥ ಹೋಗುವುದೇ ಬಾಯಿಮಾತಿನಲ್ಲಿ. ಬೆಂಗಳೂರಿನ ನಾದಿನಿಗೆ ಅತ್ತಿಗೆ ಫೋನಿನಲ್ಲಿ ಏನು ಹೇಳುತ್ತಾಳೆ ಯೋಚನೆ ಮಾಡಿ. ‘ಅವರದ್ದು ಶುದ್ಧ, ರುಚಿಕರ, ಗುಣಮಟ್ಟದ ಉತ್ಪನ್ನ ಕಣೇ’ ಅನ್ನುತ್ತಾಳಾ? ‘ಬಿದ್ದ ಮಿಡಿ ಹಾಕೋದಿಲ್ವಂತೆ’ ಅನ್ನುತ್ತಾಳೆ. ನಿಮ್ಮ ಸಾಲು ಹಾಗೆ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಹೋಗುವಂತಿರಬೇಕು.

ಹಾಗಾದರೆ ಪಟ್ಟಿ ಬರೆಯಲೇಬಾರದಾ? ಬರೆಯಬಹುದು. ನಿಮ್ಮನ್ನು ಆಗಲೇ ಬಲ್ಲವರಿಗೆ ಪಟ್ಟಿ ಬೇಕು. ಊರ ಕಿರಾಣಿ ಅಂಗಡಿಗೆ, ದೊಡ್ಡ ಸೂಪರ್ ಮಾರ್ಕೆಟಿಗೆ ಪಟ್ಟಿ ಸರಿ. ‘ಎಲ್ಲ ಸಿಗುತ್ತದೆ’ ಅನ್ನುವುದೇ ಅವರ ಗುಣ. ನಮ್ಮ ಜನ ಅದನ್ನು ನೋಡಿ ಅದೇ ಮಾದರಿ ಹಿಡಿದರು. ಒಬ್ಬರೇ ದುಡಿಯುವವರಿಗೆ ಆ ಮಾದರಿ ಹೊಂದುವುದಿಲ್ಲ. ನಿಮ್ಮ ಪಟ್ಟಿಯನ್ನು ವಾಟ್ಸಾಪ್ ಬಿಸಿನೆಸ್‌ನ ಕ್ಯಾಟಲಾಗಿನಲ್ಲಿ ಹಾಕಿ. ಪಾರ್ಸೆಲ್ ಒಳಗೆ ಚೀಟಿ ಮಾಡಿ ಇಡಿ. ಲೇಬಲ್‌ನ ಮುಖದ ಮೇಲೆ ಬೇಡ.

ಇನ್ನು ಆ ಒಂದು ಮಾತನ್ನು ಹುಡುಕುವುದು ಹೇಗೆ? ಕೂತು ಯೋಚಿಸಿದರೆ ‘ಶುದ್ಧ’ವೇ ಬರುತ್ತದೆ. ನಾನು ಎಲ್ಲರಿಗೂ ಹೇಳುವ ದಾರಿ ಒಂದೇ. ನಿಮ್ಮ ಹಳೆಯ ಗಿರಾಕಿಗಳಿಗೆ ಫೋನ್ ಮಾಡಿ, ‘ನನ್ನ ನಂಬರನ್ನು ಯಾವ ಹೆಸರಲ್ಲಿ ಸೇವ್ ಮಾಡಿಕೊಂಡಿದ್ದೀರಿ?’ ಅಂತ ಕೇಳಿ. ‘ಶಿರಸಿ ಮಿಡಿ ಅಕ್ಕ’, ‘ಖಾರ ಕಡಿಮೆ ಉಪ್ಪಿನಕಾಯಿ’, ‘ಹಪ್ಪಳ ದೊಡ್ಡದು’ ಇಂಥವು ಬರುತ್ತವೆ. ನೀವು ಯಾವುದಕ್ಕೆ ಅವರ ತಲೆಯಲ್ಲಿ ಉಳಿದಿದ್ದೀರಿ ಅನ್ನುವುದು ಅಲ್ಲೇ ಇದೆ. ಜೊತೆಗೆ ಇನ್ನೊಂದು ಉಪಕಾರವೂ ಆಗುತ್ತದೆ. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಲಿಸ್ಟಿನಿಂದ ಒಟ್ಟಿಗೆ ಹಲವರಿಗೆ ಕಳಿಸಿದ ಸಂದೇಶ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ‘ಕಳಿಸಿದೆ, ಯಾರೂ ಉತ್ತರ ಕೊಡಲಿಲ್ಲ’ ಅನ್ನುವವರಲ್ಲಿ ಎಷ್ಟೋ ಜನರ ಸಂದೇಶ ಗಿರಾಕಿಗೆ ಹೋಗಿಯೇ ಇರುವುದಿಲ್ಲ.

ಸಿಕ್ಕಿದ ಮಾತು ನಿಜವಾಗಿರಬೇಕು, ಪ್ರತಿ ವರ್ಷವೂ ನಿಜವಾಗಿರಬೇಕು. ಮಿಡಿ ಕಡಿಮೆಯಾದ ವರ್ಷ ಬಿದ್ದಿದ್ದನ್ನು ಹೆಕ್ಕುವ ಮನಸ್ಸು ಬಂದರೆ ಆ ಸಾಲು ಬೇಡ.

ಕಾನೂನಿನ ಮಾತೂ ಇದೆ. ‘ಶುದ್ಧ’, ‘ನೈಸರ್ಗಿಕ’, ‘ಸಾಂಪ್ರದಾಯಿಕ’ ಇಂಥ ಪದಗಳನ್ನು ಯಾವಾಗ ಬಳಸಬಹುದು ಅನ್ನುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲಿ ಷರತ್ತುಗಳಿವೆ. ಬೆಲ್ಲದಲ್ಲಿ ಮಾಡಿದ ಶರಬತ್ತಿಗೆ ‘ಸಕ್ಕರೆ ಸೇರಿಸಿಲ್ಲ’ ಅಂತ ಬರೆಯಬೇಡಿ. ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಬರುತ್ತದೆ, ಮಧುಮೇಹ ಇರುವವರು ನಂಬಿ ಕುಡಿದಾರು. ‘ಜೋನಿಬೆಲ್ಲದಲ್ಲಿ ಮಾಡಿದ್ದು’ ಅಂತ ಬರೆಯಿರಿ. ಅದು ನಿಜವೂ ಹೌದು, ಓದಿದರೆ ಬಾಯಲ್ಲಿ ನೀರೂ ಬರುತ್ತದೆ. ಮುರುಗಲು ಕುಡಿದರೆ ಬೊಜ್ಜು ಕರಗುತ್ತದೆ, ಆ ರೋಗ ಹೋಗುತ್ತದೆ, ಈ ರೋಗ ಹೋಗುತ್ತದೆ ಅಂತ ಬರೆಸಲು ಬರುವವರಿಗೆ ನಾನು ಪ್ರಿಂಟ್ ಮಾಡಿಕೊಡುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ.

ಮುರುಗಲು ಅಂದೆನಲ್ಲ, ನೀವು ಕೇಳದಿದ್ದರೂ ಇನ್ನೊಂದು ವಿಷಯ ಹೇಳಬೇಕು. ಶರಬತ್ತಿನ ಬಾಟಲಿ ಮೇಲೆ ಯಾವ ಹೆಸರು ಬರೆಯುತ್ತೀರಿ? ಶಿರಸಿ, ಕುಮಟಾದಲ್ಲಿ ಮುರುಗಲು. ಉಡುಪಿ, ಮಂಗಳೂರಿಗೆ ಹೋದರೆ ಪುನರ್ಪುಳಿ. ಕಾರವಾರದ ಕೊಂಕಣಿ ಮನೆಗಳಲ್ಲಿ ಹಣ್ಣಿಗೆ ಭಿರಂಡ, ಒಣಗಿದ ಸಿಪ್ಪೆಗೆ ಸೋಲ್. ಬೆಂಗಳೂರಿನ ಅಂಗಡಿಯಲ್ಲಿ ಕೋಕಂ. ಹಣ್ಣು ಒಂದೇ. ಆದರೆ ಮಂಗಳೂರಿನವರು ‘ಮುರುಗಲು’ ಅಂತ ಓದಿದರೆ ಅದು ತಾವು ದಿನಾ ಕುಡಿಯುವ ಪುನರ್ಪುಳಿ ಅಂತ ಗೊತ್ತಾಗದೇ ಬಾಟಲಿ ಕೆಳಗಿಡುತ್ತಾರೆ.

ಇದಕ್ಕೆ ಕೆಲವರು ನಾಲ್ಕೂ ಹೆಸರನ್ನು ಒಂದೇ ಅಳತೆಯಲ್ಲಿ ಹಾಕಿಸುತ್ತಾರೆ. ಮತ್ತೆ ಅದೇ ಪಟ್ಟಿ! ನಿಮ್ಮ ಬಾಟಲಿ ಜಾಸ್ತಿ ಹೋಗುವುದು ಎಲ್ಲಿಗೆ ಅಂತ ಕೊರಿಯರ್ ರಸೀದಿ ತೆಗೆದು ಎಣಿಸಿ. ಬೆಂಗಳೂರಿಗೆ ಜಾಸ್ತಿ ಅಂದರೆ ‘ಕೋಕಂ’ ದೊಡ್ಡದಾಗಿ, ಅದರ ಕೆಳಗೆ ಸಣ್ಣದಾಗಿ ‘ಮುರುಗಲು’. ಹಾಗಂತ ಮುರುಗಲು ಅನ್ನುವ ಹೆಸರನ್ನು ಪೂರ್ತಿ ಬಿಡಬೇಡಿ. ಬೆಂಗಳೂರಿನಲ್ಲಿರುವ ನಮ್ಮ ಕಡೆಯವರು ಆ ಹೆಸರು ಕಂಡರೆ ಸಾಕು, ಬಾಟಲಿ ಕೈಗೆ ತೆಗೆದುಕೊಳ್ಳುತ್ತಾರೆ.

ಮಿಡಿ ಕೆಲಸ ಮುಗಿಯುವ ಹೊತ್ತಿಗೆ ಮುರುಗಲು ಶುರುವಾಗುತ್ತದೆ. ಮಳೆ ಹಿಡಿಯುವ ಮೊದಲು ಸಿಪ್ಪೆ ಒಣಗಬೇಕು. ಆ ಗಡಿಬಿಡಿಯಲ್ಲಿ ಲೇಬಲ್‌ಗೆ ತಲೆ ಕೊಡಲು ಆಗುವುದಿಲ್ಲ. ಈಗಲೇ ಹತ್ತು ಗಿರಾಕಿಗಳಿಗೆ ಫೋನ್ ಮಾಡಿ. ನಿಮ್ಮ ನಂಬರಿಗೆ ಅವರು ಇಟ್ಟ ಹೆಸರನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ, ತಿದ್ದಬೇಡಿ. ಹತ್ತರಲ್ಲಿ ಎರಡು ಮೂರು ಕಡೆ ಒಂದೇ ಮಾತು ಬಂದಿದ್ದರೆ ಅದಕ್ಕೆ ಗೆರೆ ಎಳೆದು ಆ ಚೀಟಿಯನ್ನೇ ಪ್ರಿಂಟಿಗೆ ತನ್ನಿ.