ಗಾಲ್ಫ್ ಸ್ವಿಂಗ್ ಮತ್ತು ಎಡಭುಜದ ನೋವು

"ಡಾಕ್ಟ್ರೇ, ನಾನು ಬಲಗೈ ಆಟಗಾರ. ನೋಯೋದು ಮಾತ್ರ ಎಡಭುಜ. ಇದ್ಯಾವ ನ್ಯಾಯ?"

ಕೇಳಿದವರು ನಿವೃತ್ತ ಬ್ಯಾಂಕ್ ಅಧಿಕಾರಿ. ಫಿಸಿಯೊಥೆರಪಿಗೆ ಬರುವ ಗಾಲ್ಫ್ ಆಟಗಾರರ ಬಾಯಲ್ಲಿ ಈ ದೂರು ನನಗೆ ಹೊಸದಲ್ಲ. ಹೊಡೆಯುವ ಮುನ್ನ ಕೋಲನ್ನು ಹಿಂದಕ್ಕೆತ್ತುವ ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಎಡತೋಳು ಎದೆಗೆ ಅಡ್ಡವಾಗಿ ಬಂದು ನಿಲ್ಲುತ್ತದೆ. ಆಗ ಕಾಲರ್ ಬೋನ್ ತುದಿಯ ಕೀಲು ಒತ್ತಿಕೊಳ್ಳುತ್ತದೆ, ಭುಜದ ಹಿಂಬದಿಯ ಸ್ನಾಯುಗಳು ಸೆಳೆಯುತ್ತವೆ.

ಕೋಚ್‌ಗಳು "ಭುಜ ಪೂರ್ತಿ ತಿರುಗಿಸಿ" ಅಂದಾಗ ಸಾಮಾನ್ಯವಾಗಿ ಅವರ ಲೆಕ್ಕದಲ್ಲಿರುವುದು ಭುಜ ಸುಮಾರು 90 ಡಿಗ್ರಿ, ಸೊಂಟ 45. ಆದರೆ ತಿರುಗಬೇಕಾದ್ದು ಭುಜದ ಕೀಲಲ್ಲ. ಪಕ್ಕೆಲುಬುಗಳು ಅಂಟಿಕೊಂಡಿರುವ ಬೆನ್ನಿನ ನಡುಭಾಗ, ಅದರ ಜೊತೆಗೆ ಸೊಂಟ. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತು ಆ ಬೆನ್ನು ಬಿಗಿದುಕೊಂಡಿದ್ದರೆ, ಕಡಿಮೆಬಿದ್ದ ತಿರುವನ್ನು ತೋಳು ಎಳೆದು ತುಂಬಿಸುತ್ತದೆ.

ಅವರನ್ನು ಸ್ಟೂಲ್ ಮೇಲೆ ಕೂರಿಸಿದೆ. ಮಂಡಿಗಳ ನಡುವೆ ದಿಂಬು, ಎದೆಗೆ ಅಡ್ಡವಾಗಿ ಗಾಲ್ಫ್ ಕೋಲು. ದಿಂಬು ಜಾರದಂತೆ ಬಲಕ್ಕೆ ತಿರುಗಿ ಅಂದೆ. 45 ಡಿಗ್ರಿಯಷ್ಟಾದರೂ ಬರಬೇಕು. ಅದರ ಅರ್ಧಕ್ಕೇ ಉಸಿರು ಬಿಗಿಹಿಡಿದು ನಿಂತರು. ಎಡಕ್ಕೆ ಸಲೀಸಾಗಿ ಬಂತು.

ಇನ್ನೊಂದು ತಪ್ಪೂ ಇತ್ತು. ಚೆಂಡಿನ ಮೇಲೆ ಬಾಗಿ ನಿಂತವರ ಭುಜ ಓರೆಯಾಗಿ ತಿರುಗಬೇಕು: ಎಡಭುಜ ಗದ್ದದ ಅಡಿಗೆ ಇಳಿಯಬೇಕು, ಬಲಭುಜ ಮೇಲೇರಬೇಕು. ಇವರದು ಬೀಸುಕಲ್ಲು ತಿರುಗಿಸಿದ ಹಾಗೆ ಮಟ್ಟಸ.

ಸೊಂಟವನ್ನು ಕೀಲಿ ಹಾಕಿದಂತೆ ನಿಲ್ಲಿಸಿ ಭುಜವನ್ನಷ್ಟೇ ತಿರುಗಿಸಿದರೆ ದೂರ ಹೊಡೆಯಬಹುದು ಎಂಬ ಹುಚ್ಚು ಹಲವರಿಗಿದೆ. ಎರಡರ ಅಂತರಕ್ಕೆ 'ಎಕ್ಸ್ ಫ್ಯಾಕ್ಟರ್' ಎಂಬ ಹೆಸರು 1990ರ ದಶಕದಲ್ಲಿ ಅಮೆರಿಕದ ಕೋಚ್ ಜಿಮ್ ಮೆಕ್ಲೀನ್ ಅವರಿಂದ ಜನಪ್ರಿಯವಾಯಿತು. ಇಪ್ಪತ್ತರ ಮೈಗೆ ಅದು ಒಗ್ಗೀತು. ಅರವತ್ತು ದಾಟಿದವರಿಗೆ ನಾನು ಹೇಳುವುದು ಬೇರೆ: ಎಡಹಿಮ್ಮಡಿ ಎದ್ದರೆ ಏಳಲಿ, ಸೊಂಟವೂ ತಿರುಗಲಿ. ಗಾಲ್ಫ್‌ನ ಅತಿ ದೊಡ್ಡ ಪಂದ್ಯಾವಳಿಗಳಾದ ಮೇಜರ್‌ಗಳನ್ನು 18 ಸಲ ಗೆದ್ದ ಜ್ಯಾಕ್ ನಿಕ್ಲಾಸ್ ಅವರ ಹಿಮ್ಮಡಿಯೂ ಏಳುತ್ತಿತ್ತು.

ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ, ಕೈ ಮೇಲೆತ್ತಲಾಗದಿದ್ದರೆ ಮೊದಲು ಮೂಳೆ ವೈದ್ಯರಿಗೆ ತೋರಿಸಬೇಕು. ಇವರಿಗೆ ಅದೇನೂ ಇರಲಿಲ್ಲ. ಮಗ್ಗುಲಾಗಿ ಮಲಗಿ, ಮಂಡಿ ಮಡಚಿ, ಮೇಲಿನ ಕೈಯನ್ನು ಪುಸ್ತಕದ ಹಾಳೆ ತೆರೆದಂತೆ ಹಿಂದಕ್ಕೆ ಚಾಚುವ ವ್ಯಾಯಾಮ ಕೊಟ್ಟೆ. ದಿನಕ್ಕೆ ಎರಡು ಸಲ, ಹತ್ತತ್ತು ಬಾರಿ. ಮೂರು ವಾರ ಬರೀ ಮೆಲ್ಲಗಿನ ಹೊಡೆತಗಳು: ಪಟ್ಟಿಂಗ್, ಚಿಪ್ಪಿಂಗ್. ಅತಿ ದೂರ ಹೊಡೆಯುವ ಕೋಲು, ಡ್ರೈವರ್, ಮುಟ್ಟುವಂತಿಲ್ಲ ಅಂದೆ.

ಬಾಗಿಲವರೆಗೆ ಹೋದವರು ತಿರುಗಿ, ಮಧ್ಯಮ ದೂರ ಹೊಡೆಯುವ ಕೋಲಿನ ಬಗ್ಗೆ ಕೇಳಿದರು: "ಸೆವೆನ್ ಐರನ್ ಪರವಾಗಿಲ್ವಾ?"