ಗ್ಲಿನ್ ಜಾನ್ಸ್: ಪ್ರೊಡ್ಯೂಸರ್ ಎಂದು ಯಾರನ್ನು ಕರೆಯಬೇಕು?

ಬೀಟಲ್ಸ್ ತಂಡದ 'ಲೆಟ್ ಇಟ್ ಬಿ' ಆಲ್ಬಂನ ವಿಸ್ತೃತ ಆವೃತ್ತಿ 2021ರಲ್ಲಿ ಬಿಡುಗಡೆಯಾದಾಗ ಅದರೊಳಗೆ ಇನ್ನೊಂದು ಆಲ್ಬಂ ಇತ್ತು. 1969ರ ಮೇ ತಿಂಗಳಲ್ಲಿ ಬ್ರಿಟನ್ನಿನ ರೆಕಾರ್ಡಿಂಗ್ ಎಂಜಿನಿಯರ್ ಗ್ಲಿನ್ ಜಾನ್ಸ್ ಸಿದ್ಧಪಡಿಸಿ, ತಂಡ ಬೇಡವೆಂದು ಬದಿಗಿಟ್ಟಿದ್ದ 'ಗೆಟ್ ಬ್ಯಾಕ್' ಅದು. ಅಲ್ಲಿಯವರೆಗೆ ಕಳ್ಳ ಪ್ರತಿಗಳಲ್ಲಷ್ಟೇ ಕೇಳಸಿಗುತ್ತಿದ್ದ ಈ ಮುದ್ರಿಕೆ ಅಧಿಕೃತವಾಗಿ ಹೊರಬಂದ ಮೇಲೆ, ಆ ಹಾಡುಗಳ ಪ್ರೊಡ್ಯೂಸರ್ ನಿಜಕ್ಕೂ ಯಾರು ಎಂಬ ಹಳೆಯ ತಕರಾರಿಗೆ ಮತ್ತೆ ಜೀವ ಬಂದಿತು. ಬೀಟಲ್ಸ್‌ನ ಎಂದಿನ ಪ್ರೊಡ್ಯೂಸರ್ ಜಾರ್ಜ್ ಮಾರ್ಟಿನ್, ಗ್ಲಿನ್ ಜಾನ್ಸ್, ಅಮೆರಿಕದ ಪ್ರೊಡ್ಯೂಸರ್ ಫಿಲ್ ಸ್ಪೆಕ್ಟರ್ ಈ ಮೂವರ ಕೈಯೂ ಅವುಗಳ ಮೇಲೆ ಆಡಿದೆ. ಜಾನ್ಸ್ ಅವರ ಮಟ್ಟಿಗೆ ಇದು ಒಂದು ಆಲ್ಬಂನ ಪ್ರಶ್ನೆಯಲ್ಲ. ಅವರ ವೃತ್ತಿಜೀವನದ ಉದ್ದಕ್ಕೂ ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದುರಾಗಿದೆ.

ಇದು ಅರ್ಥವಾಗಲು ಅಂದಿನ ಬ್ರಿಟನ್ನಿನ ರೆಕಾರ್ಡಿಂಗ್ ವ್ಯವಸ್ಥೆಯನ್ನು ನೋಡಬೇಕು. ದೊಡ್ಡ ಕಂಪನಿಗಳಲ್ಲಿ ಪ್ರೊಡ್ಯೂಸರ್ ಸಂಬಳದ ನೌಕರ. ಯಾವ ಹಾಡು ಆಯ್ದುಕೊಳ್ಳಬೇಕು, ವಾದ್ಯಗಳನ್ನು ಹೇಗೆ ಹೊಂದಿಸಬೇಕು, ಹಲವು ಬಾರಿ ನುಡಿಸಿದ್ದರಲ್ಲಿ ಯಾವುದನ್ನು ಉಳಿಸಬೇಕು ಎಂಬುದೆಲ್ಲ ಆತನ ತೀರ್ಮಾನ. ಮೈಕ್ ಇರಿಸಿ, ಧ್ವನಿಯ ಮಟ್ಟ ಹಿಡಿದು, ಟೇಪ್ ಓಡಿಸುವವನು ಎಂಜಿನಿಯರ್. ಬೀಟಲ್ಸ್ ಮುದ್ರಿಕೆಗಳು ಲಕ್ಷಗಟ್ಟಲೆ ಮಾರಾಟವಾಗುತ್ತಿದ್ದಾಗಲೂ ಸಂಬಳವನ್ನೇ ನೆಚ್ಚಿಕೊಂಡಿದ್ದ ಜಾರ್ಜ್ ಮಾರ್ಟಿನ್ 1965ರಲ್ಲಿ ರೆಕಾರ್ಡ್ ಕಂಪನಿ ಇಎಂಐ ತೊರೆದು ಸ್ವಂತ ಸಂಸ್ಥೆ ಕಟ್ಟಿದರು. ಪ್ರೊಡ್ಯೂಸರ್ ಪಾಡೇ ಹೀಗಿದ್ದಾಗ, ಎಂಜಿನಿಯರ್‌ಗೆ ರಾಯಲ್ಟಿ, ಅಂದರೆ ಮಾರಾಟದ ಹಣದಲ್ಲಿ ಪಾಲು, ಎಂಬ ಮಾತೇ ಯಾರಿಗೂ ಹೊಳೆಯುವಂತಿರಲಿಲ್ಲ.

1942ರಲ್ಲಿ ಸರ‍್ರೆ ಪ್ರಾಂತ್ಯದ ಎಪ್ಸಮ್‌ನಲ್ಲಿ ಹುಟ್ಟಿ, ಚರ್ಚಿನ ಗಾಯಕವೃಂದದಲ್ಲಿ ಹಾಡುತ್ತ ಬೆಳೆದ ಜಾನ್ಸ್, ಹದಿಹರೆಯದಲ್ಲೇ ಲಂಡನ್ನಿನ ಪೋರ್ಟ್‌ಲ್ಯಾಂಡ್ ಪ್ಲೇಸ್‌ನಲ್ಲಿದ್ದ ಐಬಿಸಿ ಸ್ಟುಡಿಯೊ ಸೇರಿದರು. ಅದು ಯಾವ ರೆಕಾರ್ಡ್ ಕಂಪನಿಗೂ ಸೇರದ ಸ್ವತಂತ್ರ ಸ್ಟುಡಿಯೊ. 1963ರಲ್ಲಿ, ಇನ್ನೂ ಯಾರೂ ಗುರುತಿಸದ ರೋಲಿಂಗ್ ಸ್ಟೋನ್ಸ್ ತಂಡದ ಆರಂಭದ ಹಾಡುಗಳನ್ನು ಅವರು ಅಲ್ಲಿಯೇ ಮುದ್ರಿಸಿದರು. ಕೆಲವೇ ವರ್ಷಗಳಲ್ಲಿ, ಯಾವ ಸ್ಟುಡಿಯೊದ ನೌಕರಿಯೂ ಇಲ್ಲದೆ ಕರೆದವರ ಬಳಿಗೆ ಹೋಗಿ ಕೆಲಸ ಮಾಡಿಕೊಡುವ ಬ್ರಿಟನ್ನಿನ ಮೊದಮೊದಲ ಎಂಜಿನಿಯರ್‌ಗಳಲ್ಲಿ ಒಬ್ಬರಾದರು. ತಂಡಗಳೇ ಹೆಸರು ಹೇಳಿ ಎಂಜಿನಿಯರ್‌ನನ್ನು ಕರೆಸಿಕೊಳ್ಳತೊಡಗಿದ ಮೇಲೆ ಆತನ ಅಭಿರುಚಿಗೂ ಬೆಲೆ ಬಂದಿತು. ಹಳೆಯ ಗೆರೆ ಮಸುಕಾದದ್ದು ಇಲ್ಲಿಂದಲೇ.

1968ರ ಶರತ್ಕಾಲದಲ್ಲಿ ಲಂಡನ್ನಿನ ಬಾರ್ನ್ಸ್‌ನ ಒಲಿಂಪಿಕ್ ಸ್ಟುಡಿಯೊದಲ್ಲಿ ಲೆಡ್ ಜೆಪ್ಲಿನ್ ರಾಕ್ ತಂಡ ತನ್ನ ಮೊದಲ ಆಲ್ಬಂ ಮುದ್ರಿಸಿತು. ಡ್ರಮ್ಸ್‌ನ ಸುತ್ತ ರಾಶಿ ಮೈಕ್ ಇಡದೆ, ತಲೆಯ ಮೇಲೊಂದು, ಡ್ರಮ್ಮರ್‌ನ ಬಲಗಡೆ ನೆಲದ ಟಾಮ್ ಡ್ರಮ್ಮಿನಾಚೆ ಒಂದು, ಬೇಸ್ ಡ್ರಮ್ಮಿನೆದುರು ಒಂದು ಹೀಗೆ ಕೆಲವೇ ಮೈಕ್‌ಗಳಿಂದ ಇಡೀ ವಾದ್ಯಸಮೂಹವನ್ನು ಸ್ಟೀರಿಯೊದಲ್ಲಿ ಹಿಡಿಯುವ ಉಪಾಯ ಜಾನ್ಸ್ ಅವರಿಗೆ ಸಿಕ್ಕಿದ್ದು ಇಲ್ಲಿ, ಅದೂ ಆಕಸ್ಮಿಕವಾಗಿ. ಮೇಲಿನದು, ಬದಿಯದು ಎರಡೂ ಸ್ನೇರ್ ಡ್ರಮ್ಮಿನಿಂದ ಸಮಾನ ದೂರದಲ್ಲಿರಬೇಕು ಎಂಬುದು ಇದರ ಗುಟ್ಟು. ಇಂದಿಗೂ ಈ ಕ್ರಮಕ್ಕೆ ಅವರದೇ ಹೆಸರಿದೆ. ಆಲ್ಬಂ ಕವರ್‌ನಲ್ಲಿ ಮಾತ್ರ ಪ್ರೊಡ್ಯೂಸರ್ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್. ಜಾನ್ಸ್ ಎಂಜಿನಿಯರಿಂಗ್ ನಿರ್ದೇಶಕ. ಪ್ರೊಡ್ಯೂಸರ್ ಪಟ್ಟದ ಬಗ್ಗೆ ಮೊದಲೇ ಮಾತಾಗಿತ್ತು ಎನ್ನುತ್ತಾರೆ ಜಾನ್ಸ್. ಹಾಡುಗಳ ಕಲ್ಪನೆ, ತಾಲೀಮು, ಖರ್ಚು ಎಲ್ಲವೂ ತಮ್ಮದಾಗಿರುವಾಗ ಆ ಪಟ್ಟ ಇನ್ನೊಬ್ಬರಿಗೆ ಹೇಗೆ ಸಲ್ಲುತ್ತದೆ ಎಂಬುದು ಪೇಜ್ ಅವರ ನಿಲುವು. ಇಬ್ಬರೂ ತಮ್ಮ ಮಟ್ಟಿಗೆ ಸರಿಯೇ ಇರಬಹುದು. ಆದರೆ ಆ ಆಲ್ಬಂನ ಡ್ರಮ್ಸ್ ಕೇಳಿದವರಿಗೆ ಎಂಜಿನಿಯರಿಂಗ್ ಎಂಬ ಒಂದು ಮಾತು ಸಾಲದೆನ್ನಿಸಿದರೆ ಆಶ್ಚರ್ಯವಿಲ್ಲ.

ಮೂರೇ ತಿಂಗಳಲ್ಲಿ ಬೀಟಲ್ಸ್ ಕರೆ ಬಂದಿತು. ಮೇಲುಲೇಪವಿಲ್ಲದೆ, ಕೂಡಿ ನುಡಿಸಿದ್ದನ್ನು ಹಾಗೆಯೇ ಮುದ್ರಿಸುವುದು, ಜೊತೆಗೆ ತಾಲೀಮಿನ ಚಿತ್ರೀಕರಣ ಮಾಡುವುದು ಆಗಿನ ಯೋಚನೆ. 1969ರ ಜನವರಿ 2ರಂದು ಟ್ವಿಕನ್‌ಹ್ಯಾಮ್ ಚಿತ್ರ ಸ್ಟುಡಿಯೊದ ಚಳಿಯಲ್ಲಿ ಕೆಲಸ ಶುರುವಾಯಿತು. ಜಾರ್ಜ್ ಹ್ಯಾರಿಸನ್ ನಡುವೆ ಎದ್ದು ಹೋಗಿ ಮರಳಿದ ಮೇಲೆ ತಂಡ ಸ್ಯಾವಿಲ್ ರೋನ 3ನೇ ಸಂಖ್ಯೆಯ ತನ್ನ ಕಚೇರಿಯ ನೆಲಮಾಳಿಗೆಗೆ ಬಂದಿತು. ಅಲ್ಲಿ ಹೊಸದಾಗಿ ಕಟ್ಟಿಸಿದ್ದ ಉಪಕರಣಗಳು ಕೆಲಸಕ್ಕೆ ಬಾರದೆ, ಇಎಂಐನಿಂದ ಎರವಲು ತರಬೇಕಾಯಿತು. ಕೀಬೋರ್ಡಿಗೆ ಬಿಲ್ಲಿ ಪ್ರೆಸ್ಟನ್ ಸೇರಿಕೊಂಡರು. ಜನವರಿ 30ರಂದು ಅದೇ ಕಟ್ಟಡದ ತಾರಸಿಯ ಮೇಲೆ ತಂಡ ನುಡಿಸಿದಾಗ, ಕೆಳಗೆ ಟೇಪ್ ಯಂತ್ರದ ಮುಂದೆ ಜಾನ್ಸ್ ಇದ್ದರು. ಮಾರ್ಟಿನ್ ಬಂದು ಹೋಗುತ್ತಿದ್ದರು. ದಿನನಿತ್ಯದ ಹೊಣೆ ಯಾರದೆಂಬುದು ಎಲ್ಲಿಯೂ ಬರಹಕ್ಕೆ ಇಳಿದಂತಿಲ್ಲ. ಎಲ್ಲ ಗೋಜಲಿನ ಬೇರು ಇಲ್ಲಿದೆ.

ಕೆಲವು ವಾರಗಳ ನಂತರ ಟೇಪುಗಳ ರಾಶಿಯನ್ನೇ ಜಾನ್ಸ್ ಅವರಿಗೆ ಒಪ್ಪಿಸಿ ಆಲ್ಬಂ ಮಾಡಿಕೊಡುವಂತೆ ಹೇಳಲಾಯಿತು. ಹರಟೆ, ಎಡವಿದ ಆರಂಭಗಳು, ನಗು ಎಲ್ಲವನ್ನೂ ಉಳಿಸಿಕೊಂಡು ಅವರು ಮೇ ತಿಂಗಳಲ್ಲಿ ಒಂದು ರೂಪ ಕೊಟ್ಟರು. ಒಂದೇ ಕೋರಿಕೆಯೆಂದರೆ ಪ್ರೊಡ್ಯೂಸರ್ ಎಂದು ಹೆಸರು ಹಾಕಬೇಕು, ರಾಯಲ್ಟಿ ಬೇಡ. ಹಣ ಬೇಡವೆನ್ನುವವರ ಬಗ್ಗೆ ಜಾನ್ ಲೆನನ್ ಅವರಿಗೇ ಅನುಮಾನ ಬಂದಿತೆಂದು ಜಾನ್ಸ್ ತಮ್ಮ 2014ರ ಆತ್ಮಕಥನದಲ್ಲಿ ಬರೆದುಕೊಂಡಿದ್ದಾರೆ. ಅಷ್ಟರಲ್ಲಿ ತಂಡದ ಮನಸ್ಸು 'ಅಬ್ಬೆ ರೋಡ್' ಆಲ್ಬಂ ಕಡೆ ಹೊರಳಿತ್ತು. ಆ ಚಿತ್ರೀಕರಣದಿಂದ ಸಿದ್ಧವಾಗುತ್ತಿದ್ದ ಚಲನಚಿತ್ರಕ್ಕೆ ಹೊಂದುವಂತೆ 1970ರ ಜನವರಿಯಲ್ಲಿ ಅವರು ತಯಾರಿಸಿದ ಎರಡನೆಯ ರೂಪವೂ ಒಪ್ಪಿಗೆ ಪಡೆಯಲಿಲ್ಲ. ಮಾರ್ಚ್ ಕೊನೆಗೆ ಟೇಪುಗಳು ಫಿಲ್ ಸ್ಪೆಕ್ಟರ್ ಕೈಸೇರಿದವು. ಏಪ್ರಿಲ್ 1ರಂದು ತಂತಿವಾದ್ಯ, ವೃಂದಗಾನಗಳ ದೊಡ್ಡ ಮೇಳವೇ ಹಾಡುಗಳ ಮೇಲೆ ಬಂದು ಕೂತಿತು. ಮೇ 8ಕ್ಕೆ ಆಲ್ಬಂ ಹೊರಬಂದಾಗ ಸ್ಪೆಕ್ಟರ್ ಹೆಸರು ಮುಖ್ಯವಾಗಿತ್ತು, ಜಾನ್ಸ್ ಹೆಸರು ಕೃತಜ್ಞತೆಯ ಸಾಲಿನಲ್ಲಿತ್ತು. ತಮ್ಮ ಹಾಡಿಗಾದ ಈ ಅಲಂಕಾರವನ್ನು ಪಾಲ್ ಮೆಕಾರ್ಟ್ನಿ ತಂಡದ ಪಾಲುದಾರಿಕೆ ಮುರಿಯುವ ನ್ಯಾಯಾಲಯದ ವ್ಯಾಜ್ಯದಲ್ಲೂ ಪ್ರಸ್ತಾಪಿಸಿದರು. 2003ರಲ್ಲಿ ಆ ಮೇಳವನ್ನು ತೆಗೆದ ಮತ್ತೊಂದು ಆವೃತ್ತಿ ಬಂದಿತು. ಆದರೆ ಅದೂ ಜಾನ್ಸ್ ಅವರದಲ್ಲ. ಅವರ ರೂಪವನ್ನು ಈಗ ಕೇಳಿದರೆ, ಕೆಲವು ಕಡೆ ಕಚ್ಚಾತನ ಅತಿಯಾಯಿತು ಎನ್ನಿಸುವುದು ನಿಜ. ಆದರೂ ಆ ಜನವರಿಯ ಕೋಣೆ ಹೇಗಿತ್ತೆಂದು ತಿಳಿಯಲು ಅದಕ್ಕಿಂತ ಪ್ರಾಮಾಣಿಕ ದಾಖಲೆ ಇನ್ನೊಂದಿಲ್ಲ.

ಮುಂದಿನದು ಬೇಗ ಹೇಳಬಹುದು. ನ್ಯೂಯಾರ್ಕಿನ ಮುದ್ರಣ ಕೈಬಿಟ್ಟು ಬಂದ ದಿ ಹೂ ತಂಡಕ್ಕೆ, ದೊಡ್ಡ ಕಥಾನಕದ ಯೋಜನೆಯನ್ನು ಬದಿಗಿಟ್ಟು ಒಳ್ಳೆಯ ಹಾಡುಗಳ ಒಂದೇ ಆಲ್ಬಂ ಮಾಡೋಣವೆಂದು ಒಪ್ಪಿಸಿದವರು ಜಾನ್ಸ್. 1971ರ 'ಹೂಸ್ ನೆಕ್ಸ್ಟ್' ಹುಟ್ಟಿದ್ದು ಹಾಗೆ, ಅವರಿಗೆ ಸಿಕ್ಕ ಹೆಸರು ಸಹ ಪ್ರೊಡ್ಯೂಸರ್. ಪೂರ್ಣ ಪ್ರೊಡ್ಯೂಸರ್ ಆಗಿ 1972ರಲ್ಲಿ ಈಗಲ್ಸ್ ತಂಡದ ಮೊದಲ ಆಲ್ಬಂ ಮಾಡಿದರು. ತಂಡವನ್ನು ಮೊದಲ ಸಲ ಕೇಳಿದಾಗ ಮೆಚ್ಚದಿದ್ದ ಜಾನ್ಸ್, ಅಕೂಸ್ಟಿಕ್ ಗಿಟಾರ್‌ನೊಂದಿಗೆ ಎಲ್ಲರೂ ಕೂಡಿ ಹಾಡಿದ್ದನ್ನು ಕೇಳಿ ಒಪ್ಪಿಕೊಂಡದ್ದು. ಕಂಠಗಳೇ ತಂಡದ ಬಲವೆಂದು ಅವರು ಹಿಡಿದು ಕೂತರೆ, ಗಟ್ಟಿ ರಾಕ್ ಬೇಕೆಂಬ ಆಸೆ ತಂಡದ್ದು. ಮೂರನೆಯ ಆಲ್ಬಂನ ನಡುವೆಯೇ ಬೇರೆ ಪ್ರೊಡ್ಯೂಸರ್ ಬಂದರು. ಜಾನ್ಸ್ ಮುದ್ರಿಸಿದ್ದರಲ್ಲಿ ಉಳಿದದ್ದು ಎರಡು ಹಾಡು. ಅವುಗಳಲ್ಲೊಂದಾದ 'ಬೆಸ್ಟ್ ಆಫ್ ಮೈ ಲವ್' 1975ರಲ್ಲಿ ಅಮೆರಿಕದಲ್ಲಿ ಈಗಲ್ಸ್‌ನ ಮೊದಲ ನಂಬರ್ ಒನ್ ಹಾಡಾಯಿತು.

ಜೋನ್ ಆರ್ಮಟ್ರೇಡಿಂಗ್, ಎರಿಕ್ ಕ್ಲ್ಯಾಪ್ಟನ್ ಅವರ ಆಲ್ಬಂಗಳ ನಂತರ, 1982ರಲ್ಲಿ ಪಾತ್ರವೇ ಅದಲುಬದಲಾಯಿತು. ದಿ ಕ್ಲ್ಯಾಶ್ ತಂಡದ ಮಿಕ್ ಜೋನ್ಸ್ ಎರಡು ಡಿಸ್ಕ್‌ಗಳಿಗಾಗುವಷ್ಟು ಸಿದ್ಧಪಡಿಸಿದ್ದ ಹಾಡುಗಳನ್ನು ಕತ್ತರಿಸಿ ಒಂದೇ ಆಲ್ಬಂಗೆ ಇಳಿಸಲು ಕರೆದದ್ದು ಜಾನ್ಸ್ ಅವರನ್ನು. 'ಕಾಂಬ್ಯಾಟ್ ರಾಕ್' ಆ ತಂಡದ ಅತಿ ಹೆಚ್ಚು ಮಾರಾಟವಾದ ಆಲ್ಬಂ. ಅದರ ಕವರ್‌ನಲ್ಲಿ ಪ್ರೊಡ್ಯೂಸರ್ ಎಂದು ಇರುವುದು ತಂಡದ ಹೆಸರು; ಜಾನ್ಸ್ ಹೆಸರು ಮಿಕ್ಸಿಂಗ್‌ನ ಎದುರಿಗಿದೆ.